ಒಂದು ಚಿತ್ರ, ಎರಡು ಧ್ವನಿ
(ಪ್ರಾಥಮಿಕ ಶಾಲೆಯ ವಿಜ್ಞಾನಪಾಠಕ್ಕೆ ದೂರದರ್ಶನ ಬಂದ ವೃತ್ತಾಂತ)

ಶಾಲೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಡ, ಕಾಯಿದೆ, ಅನುದಾನ, ಪಠ್ಯಪುಸ್ತಕ ಇವುಗಳ ವಿಚಾರವನ್ನೇ ವಿಸ್ತರಿಸಿ ಹೇಳುತ್ತಾರೆ. ಪಾಠಕ್ಕೆ ನೆರವಾದ ಉಪಕರಣಗಳ ಇತಿಹಾಸವನ್ನು ಬರೆದವರು ವಿರಳ. ಕರಿಹಲಗೆ, ಭೂಪಟ, ಭೂಗೋಲ ಇವೆಲ್ಲ ಎಂದೋ ಬಂದವು. ಬಂದು ಗೋಡೆಯ ಒಂದು ಭಾಗವೇ ಆಗಿಬಿಟ್ಟವು. ಆದುದರಿಂದ ಅವು ಬಂದಾಗ ಉಪಾಧ್ಯಾಯರ ಕೆಲಸದಲ್ಲಿ ಯಾವ ಬದಲಾವಣೆಯಾಯಿತು ಎಂದು ಯಾರೂ ಕೇಳುವುದಿಲ್ಲ. ಚಲಚ್ಚಿತ್ರ ಮತ್ತು ದೂರದರ್ಶನಗಳ ಮಾತು ಹಾಗಲ್ಲ. ಅವು ಶಾಲೆಗೆ ಬಂದ ಕಾಲ ಇನ್ನೂ ಹಿರಿಯರ ನೆನಪಿನಲ್ಲಿದೆ. ಅವು ಏನನ್ನು ಮಾಡಬಲ್ಲವು, ಏನನ್ನು ಮಾಡಲಾರವು ಎಂಬ ವಿಚಾರಣೆಯೂ ನಡೆದು ದಾಖಲೆಯಾಗಿದೆ. ಅದಕ್ಕಿಂತ ಹೆಚ್ಚಾಗಿ, ಈ ವೃತ್ತಾಂತದಲ್ಲಿ ಗಡಿನಾಡಿನ ಕನ್ನಡ ಶಾಲೆಗಳಿಗೆ ಸಂಬಂಧಿಸಿದ ಒಂದು ಪಾಠ ಅಡಗಿದೆ. ಆ ಪಾಠವನ್ನು ಉಪಾಧ್ಯಾಯ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

1. ಬೆಳ್ಳಿತೆರೆಯ ಮೇಲಣ ಮೊದಲ ಆಸೆಗಳು

ಚಲಿಸುವ ಚಿತ್ರವು ಹುಟ್ಟಿದೊಡನೆಯೇ ಅದನ್ನು ಶಾಲೆಗೆ ತರುವ ಆಸೆಯೂ ಹುಟ್ಟಿತು. ಚಲಚ್ಚಿತ್ರ ಯಂತ್ರದ ನಿರ್ಮಾತೃಗಳಲ್ಲೊಬ್ಬನಾದ ಥಾಮಸ್ ಎಡಿಸನ್ 1913ರಲ್ಲಿಯೇ, ಇನ್ನು ಕೆಲವೇ ವರ್ಷಗಳಲ್ಲಿ ಶಾಲೆಗಳಲ್ಲಿ ಪುಸ್ತಕಗಳಿಗೆ ಸ್ಥಾನವಿರುವುದಿಲ್ಲ, ಎಲ್ಲವನ್ನೂ ಚಿತ್ರವೇ ಕಲಿಸುತ್ತದೆ ಎಂಬರ್ಥದ ಭವಿಷ್ಯ ನುಡಿದಿದ್ದನು. ನೂರು ವರ್ಷಗಳು ಕಳೆದ ಮೇಲೂ ಪುಸ್ತಕ ಶಾಲೆಯನ್ನು ಬಿಟ್ಟು ಹೋಗಿಲ್ಲ. ಆದರೆ ಆ ಮಾತನ್ನು ಕೇವಲ ಹುಸಿಯೆಂದು ತಳ್ಳಿಬಿಡುವುದಕ್ಕೂ ಆಗದು. ಹೊಸ ಉಪಕರಣವೊಂದು ಬಂದಾಗಲೆಲ್ಲ ಇದೇ ಭವಿಷ್ಯವನ್ನು ಯಾರಾದರೊಬ್ಬರು ಹೊಸದಾಗಿ ನುಡಿಯುತ್ತಲೇ ಬಂದಿದ್ದಾರೆ. ರೇಡಿಯೋ ಬಂದಾಗ ನುಡಿದರು, ದೂರದರ್ಶನ ಬಂದಾಗ ನುಡಿದರು, ಗಣಕಯಂತ್ರ ಬಂದಾಗಲೂ ನುಡಿದರು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶದಲ್ಲಿಯೂ ಈ ದಿಕ್ಕಿನಲ್ಲಿ ಪ್ರಯತ್ನಗಳು ನಡೆದವು. 1948ರಲ್ಲಿ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಜನ್ ಸ್ಥಾಪನೆಯಾಯಿತು. 1955ರಲ್ಲಿ ಮಕ್ಕಳ ಚಲಚ್ಚಿತ್ರ ಸಂಸ್ಥೆ ಹುಟ್ಟಿತು. ಚಿತ್ರಗಳೇನೋ ತಯಾರಾದವು, ಆದರೆ ಅವು ಹಳ್ಳಿಯ ಶಾಲೆಯನ್ನು ಮುಟ್ಟುವ ಬಗೆ ಹೇಗೆ? ಹದಿನಾರು ಮಿಲಿಮೀಟರಿನ ಚಿತ್ರವನ್ನು ತೋರಿಸಲು ಪ್ರೊಜೆಕ್ಟರು ಬೇಕು, ವಿದ್ಯುತ್ತು ಬೇಕು, ಕತ್ತಲೆಯ ಕೋಣೆ ಬೇಕು, ಯಂತ್ರ ನಡೆಸಬಲ್ಲವನೊಬ್ಬ ಬೇಕು. ಮರದ ನೆರಳಿನಲ್ಲಿಯೋ ಗುಡಿಯ ಪೌಳಿಯಲ್ಲಿಯೋ ನಡೆಯುತ್ತಿದ್ದ ಶಾಲೆಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಎಂದಾದರೊಮ್ಮೆ ವಾರ್ತಾ ಇಲಾಖೆಯ ಸಿನೆಮಾ ವ್ಯಾನು ಬಂದರೆ ಅದು ಊರಿಗೆ ಹಬ್ಬ; ಪಾಠವಲ್ಲ.

ಹೊರದೇಶಗಳಲ್ಲಿ ಈ ಹೊತ್ತಿಗೆ ದೂರದರ್ಶನವು ಮನೆಗಳನ್ನು ಹೊಕ್ಕಿತ್ತು. ಅಮೆರಿಕದಲ್ಲಿ 1951ರಿಂದ ಡಾನ್ ಹರ್ಬರ್ಟ್ ಎಂಬಾತನು ‘ಮಿಸ್ಟರ್ ವಿಜಾರ್ಡ್’ ಎಂಬ ಪಾತ್ರವಾಗಿ ವಾರಕ್ಕೊಮ್ಮೆ ಮಕ್ಕಳಿಗೆ ವಿಜ್ಞಾನವನ್ನು ತೋರಿಸುತ್ತಿದ್ದನು. ಆತನ ರೀತಿ ಸರಳವಾದುದು. ನೆರೆಮನೆಯ ಹುಡುಗನೋ ಹುಡುಗಿಯೋ ಬರುತ್ತಾರೆ. ಅಡಿಗೆಮನೆಯ ಲೋಟ, ಬಾಟಲಿ, ಮೇಣದ ಬತ್ತಿಗಳಲ್ಲೇ ಪ್ರಯೋಗ ನಡೆಯುತ್ತದೆ. ಮಗು ಕೇಳುತ್ತದೆ, ತಾನೇ ಕೈಯಿಟ್ಟು ಮಾಡುತ್ತದೆ, ತಪ್ಪುತ್ತದೆ, ಮತ್ತೆ ನೋಡುತ್ತದೆ. ಇಂಗ್ಲೆಂಡಿನಲ್ಲಿ 1957ರಲ್ಲಿ ಶಾಲೆಗಳಿಗಾಗಿಯೇ ದೂರದರ್ಶನ ಪಾಠಗಳು ಪ್ರಾರಂಭವಾದವು. ನಮ್ಮಲ್ಲಿ ದೆಹಲಿಯ ದೂರದರ್ಶನವು 1959ರ ಸೆಪ್ಟೆಂಬರಿನಲ್ಲಿ ಆರಂಭವಾಗಿ, 1961ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಅಲ್ಲಿಯ ಪ್ರೌಢಶಾಲೆಗಳಿಗೆ ಪಾಠಗಳನ್ನು ಬಿತ್ತರಿಸಲು ತೊಡಗಿತು. ಭೌತ ಮತ್ತು ರಸಾಯನ ಶಾಸ್ತ್ರಗಳಿಗೆ ಪ್ರಾಶಸ್ತ್ಯ ಕೊಟ್ಟುದಕ್ಕೆ ಕಾರಣವೂ ಸ್ಪಷ್ಟವಾಗಿತ್ತು: ಶಾಲೆಗಳಲ್ಲಿ ಪ್ರಯೋಗಶಾಲೆಗಳಿರಲಿಲ್ಲ.

ಇಲ್ಲಿ ಇನ್ನೊಂದು ದೇಶದ ಉದಾಹರಣೆಯನ್ನು ಹೇಳದೆ ಮುಂದೆ ಹೋಗಲಾಗದು. ಪೆಸಿಫಿಕ್ ಸಾಗರದ ಅಮೆರಿಕನ್ ಸಮೋವಾ ದ್ವೀಪಗಳಲ್ಲಿ 1964ರಲ್ಲಿ ಶಾಲೆಯ ಪಾಠದ ತಿರುಳನ್ನೇ ದೂರದರ್ಶನಕ್ಕೆ ಒಪ್ಪಿಸಿದರು. ಒಂದು ಸ್ಟುಡಿಯೋದಲ್ಲಿ ನುರಿತ ಉಪಾಧ್ಯಾಯರು ಇಂಗ್ಲಿಷಿನಲ್ಲಿ ಪಾಠ ಹೇಳುವುದು, ತರಗತಿಯಲ್ಲಿರುವ ಸ್ಥಳೀಯ ಉಪಾಧ್ಯಾಯರು ಅದರ ಹಿಂದೆ ಮುಂದೆ ಅಭ್ಯಾಸ ಮಾಡಿಸುವುದು ಎಂಬ ಏರ್ಪಾಡು. ದೊಡ್ಡ ಹೆಸರು ಬಂತು. ದೂರದ ದೇಶಗಳಿಂದ ಜನ ನೋಡಲು ಬಂದರು. ಆದರೆ ವರ್ಷಗಳು ಕಳೆದಂತೆ ಉಪಾಧ್ಯಾಯರಿಗೂ ಮೇಲ್ತರಗತಿಯ ಮಕ್ಕಳಿಗೂ ಬೇಸರ ಬಂದು, ಎಪ್ಪತ್ತರ ದಶಕದಲ್ಲಿ ಆ ಏರ್ಪಾಡನ್ನು ಬಹುವಾಗಿ ಕುಗ್ಗಿಸಬೇಕಾಯಿತು. ಯಂತ್ರ ಕೆಟ್ಟಿತೆಂದಲ್ಲ, ತರಗತಿಯಲ್ಲಿ ನಿಂತವನಿಗೆ ತನ್ನ ಪಾಠದ ಮೇಲೆ ಅಧಿಕಾರವಿಲ್ಲದಂತಾದುದೇ ಅದರ ಮುಖ್ಯ ಕೊರತೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ನಾಡಿನ ಪ್ರಯೋಗಕ್ಕೆ ಬರೋಣ.

2. ಉಪಗ್ರಹ ಇಳಿಸಿದ ಪಾಠ: 1975-76

1969ರ ಸೆಪ್ಟೆಂಬರಿನಲ್ಲಿ ನಮ್ಮ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಂದು ಒಪ್ಪಂದವಾಯಿತು. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಭಾರತದ ಹಳ್ಳಿಗಳಿಗೆ ದೂರದರ್ಶನ ಬಿತ್ತರಿಸಲು ಬಳಸಿಕೊಳ್ಳುವುದು, ಕಾರ್ಯಕ್ರಮಗಳನ್ನೂ ಗ್ರಾಹಕಯಂತ್ರಗಳನ್ನೂ ಭಾರತವೇ ತಯಾರಿಸಿಕೊಳ್ಳುವುದು ಎಂಬುದೇ ಅದರ ಸಾರ. ಇದರ ಹಿಂದಿದ್ದ ದರ್ಶನವು ಡಾ. ವಿಕ್ರಮ್ ಸಾರಾಭಾಯಿಯವರದು. ಎಲ್ಲ ದೇಶಗಳಲ್ಲಿಯೂ ದೂರದರ್ಶನವು ಮೊದಲು ಪಟ್ಟಣಕ್ಕೆ ಬಂದು ಮಿಕ್ಕುದು ಹಳ್ಳಿಗೆ ಹೋಗುತ್ತದೆ; ಇಲ್ಲಿ ಮೊದಲು ಹಿಂದುಳಿದ ಹಳ್ಳಿಗೇ ಹೋಗಲಿ ಎಂಬುದು ಅವರ ಅಪೇಕ್ಷೆಯಾಗಿತ್ತು. ಅವರು 1971ರ ಡಿಸೆಂಬರ್ 30ರಂದು ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ನಿರ್ದೇಶಕರಾಗಿದ್ದ ಪ್ರೊ. ಯಶಪಾಲರೂ ಪ್ರಯೋಗದ ವ್ಯವಸ್ಥಾಪಕರಾಗಿದ್ದ ಇ. ವಿ. ಚಿಟ್ನಿಸರೂ ಅದನ್ನು ಮುನ್ನಡೆಸಿದರು.

ಎಟಿಎಸ್-6 ಎಂಬ ಹೆಸರಿನ ಆ ಉಪಗ್ರಹವನ್ನು 1974ರ ಮೇ 30ರಂದು ಹಾರಿಸಲಾಯಿತು. ಅದರ ಬೆನ್ನಿಗೆ ಕೊಡೆಯಂತೆ ಬಿಚ್ಚಿಕೊಳ್ಳುವ ಮೂವತ್ತು ಅಡಿ ಅಗಲದ ಆಂಟೆನಾ ಇತ್ತು. ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಆಫ್ರಿಕಾ ಖಂಡದ ಪೂರ್ವಭಾಗದ ನೆತ್ತಿಯ ಮೇಲೆ ಅದನ್ನು ತಂದು ನಿಲ್ಲಿಸಿದರು. ಕೆಳಗೆ, ನಮ್ಮ ಹಳ್ಳಿಗಳಲ್ಲಿ, ಕೋಳಿಗೂಡಿಗೆ ಕಟ್ಟುವಂಥ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಬೋಗುಣಿಯನ್ನು ಆಕಾಶಕ್ಕೆ ಮುಖಮಾಡಿ ಕೂರಿಸಿದರು. ಗ್ರಾಹಕಯಂತ್ರಗಳನ್ನು ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆ ತಯಾರಿಸಿತು. ಹೆಚ್ಚಿನ ಹಳ್ಳಿಗಳಲ್ಲಿ ಅವುಗಳನ್ನಿಟ್ಟುದು ಶಾಲೆಯಲ್ಲಿಯೇ.

1975ರ ಆಗಸ್ಟ್ 1ರಂದು ಪ್ರಯೋಗ ಪ್ರಾರಂಭವಾಗಿ 1976ರ ಜುಲೈ 31ರಂದು ಮುಗಿಯಿತು. ಆರು ರಾಜ್ಯಗಳ ಇಪ್ಪತ್ತು ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳು. ಆಂಧ್ರಪ್ರದೇಶ, ಕರ್ನಾಟಕ, ಒಡಿಶಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ ಇವೇ ಆ ಆರು ರಾಜ್ಯಗಳು; ಭಾಷೆಗಳು ನಾಲ್ಕು: ಹಿಂದಿ, ಒಡಿಯಾ, ತೆಲುಗು, ಕನ್ನಡ. ಕರ್ನಾಟಕದಲ್ಲಿ ಆಯ್ದುಕೊಂಡುದು ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಆಂಧ್ರದಲ್ಲಿ ಆಯ್ದುಕೊಂಡ ಜಿಲ್ಲೆಗಳಲ್ಲಿ ಕರ್ನೂಲು ಮತ್ತು ಮಹಬೂಬನಗರಗಳೂ ಇದ್ದವು. 1953ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ನಮ್ಮ ಆದವಾನಿ, ಆಲೂರು ಸೀಮೆಗಳು ಸೇರಿರುವುದು ಕರ್ನೂಲಿಗೆ. ಕನ್ನಡದ ಮನೆಗಳು ಇಂದಿಗೂ ಇರುವ ನಾರಾಯಣಪೇಟೆ, ಮಕ್ತಲದ ಕಡೆ ಅಂದು ಮಹಬೂಬನಗರ ಜಿಲ್ಲೆಯಲ್ಲಿತ್ತು. ಹೀಗೆ ಈ ಪ್ರಯೋಗದ ನಕ್ಷೆಯು ಕನ್ನಡ-ತೆಲುಗು ಗಡಿಯ ಎರಡು ಮಗ್ಗುಲಿಗೂ ಹಾಸಿತ್ತು ಎಂಬುದನ್ನು ನಾವು ಗಮನಿಸಬೇಕು.

ಇದರಲ್ಲಿ ಇನ್ನೊಂದು ಸ್ವಾರಸ್ಯವೂ ಉಂಟು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು 1981ರ ನವೆಂಬರಿನಲ್ಲಿ. ಬಿಜಾಪುರ, ರಾಯಚೂರು ಕಡೆಯ ಬಡಹಳ್ಳಿಯ ಮಕ್ಕಳು ಅದಕ್ಕೆ ಆರು ವರ್ಷ ಮೊದಲೇ ತಮ್ಮ ಶಾಲೆಯಲ್ಲಿ ಕುಳಿತು ದೂರದರ್ಶನವನ್ನು ನೋಡಿದ್ದರು. ನಾಡಿನ ಇತಿಹಾಸದಲ್ಲಿ ರಾಜಧಾನಿಗಿಂತ ಮೊದಲು ಹಳ್ಳಿಗೆ ಬಂದ ವಸ್ತುಗಳು ಬಹಳವಿಲ್ಲ.

3. ಇಪ್ಪತ್ತೆರಡೂವರೆ ನಿಮಿಷ

ದಿನಕ್ಕೆ ನಾಲ್ಕು ಗಂಟೆಗಳ ಬಿತ್ತರಿಕೆ. ಸಂಜೆಯ ಎರಡೂವರೆ ಗಂಟೆ ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಸುದ್ದಿ, ಮನರಂಜನೆ. ಬೆಳಗಿನ ಒಂದೂವರೆ ಗಂಟೆ ಐದರಿಂದ ಹನ್ನೆರಡು ವಯಸ್ಸಿನ ಶಾಲೆಯ ಮಕ್ಕಳಿಗೆ. ಇದನ್ನು ನಾಲ್ಕು ಭಾಷೆಗಳಿಗೆ ಹಂಚಿದಾಗ ಒಂದೊಂದು ಭಾಷೆಯ ಪಾಲಿಗೆ ಬಂದುದು ಇಪ್ಪತ್ತೆರಡೂವರೆ ನಿಮಿಷ. ಆಕಾಶವಾಣಿಯು ದೆಹಲಿ, ಕಟಕ್, ಹೈದರಾಬಾದುಗಳಲ್ಲಿ ಕಾರ್ಯಕ್ರಮ ತಯಾರಿಕೆಯ ಕೇಂದ್ರಗಳನ್ನು ತೆರೆಯಿತು. ತೆಲುಗಿನ ಜೊತೆಗೆ ಕನ್ನಡದ ಕೆಲಸವೂ ಹೈದರಾಬಾದಿನಲ್ಲಿಯೇ ನಡೆಯಿತು. ಮಕ್ಕಳ ವಿಜ್ಞಾನ ಕಾರ್ಯಕ್ರಮಗಳಲ್ಲಿ ಒಂದು ಭಾಗವನ್ನು ಇಸ್ರೋ ಸಂಸ್ಥೆಯು ಅಂದಿನ ಬೊಂಬಾಯಿಯ ತನ್ನ ಸ್ಟುಡಿಯೋದಲ್ಲಿ ತಯಾರಿಸಿತು.

ರಾಜ್ಯ ರಾಜ್ಯಗಳ ಪಾಠಕ್ರಮಗಳು ಬೇರೆ ಬೇರೆ. ಒಂದೇ ಹಿಂದಿ ಕಾರ್ಯಕ್ರಮ ಮೂರು ರಾಜ್ಯಗಳ ಮಕ್ಕಳಿಗೆ ಹೋಗಬೇಕು. ಆದುದರಿಂದ ಪಠ್ಯಪುಸ್ತಕದ ಅಧ್ಯಾಯವನ್ನು ಹಿಡಿದು ಪಾಠ ಹೇಳುವ ಪದ್ಧತಿಯನ್ನು ಬಿಟ್ಟು, ಮಗುವಿನ ಸುತ್ತಲಿನ ಲೋಕವನ್ನೇ ವಿಷಯವಾಗಿ ಮಾಡಿಕೊಂಡರು. ವಿಜ್ಞಾನವೆಂದರೆ ಬಾಯಿಪಾಠದ ವ್ಯಾಖ್ಯೆಯಲ್ಲ. ನೋಡುವುದು, ಹೋಲಿಸುವುದು, ಅಳೆಯುವುದು, ‘ಏಕೆ’ ಎಂದು ಕೇಳುವುದು ಎಂಬ ತತ್ತ್ವ ಇದರ ಹಿಂದಿತ್ತು. ಅನಿವಾರ್ಯದಿಂದ ಹುಟ್ಟಿದ ಈ ಸ್ವಾತಂತ್ರ್ಯವೇ ಆ ಕಾರ್ಯಕ್ರಮಗಳ ಗುಣವಾಯಿತು ಎಂದು ನನ್ನ ಅಭಿಪ್ರಾಯ.

ಉಪಾಧ್ಯಾಯರನ್ನೂ ಮರೆಯಲಿಲ್ಲ. ದಸರೆಯ ಹೊತ್ತಿನ ರಜೆಯಲ್ಲಿ ಒಮ್ಮೆ, ಬೇಸಗೆಯ ರಜೆಯಲ್ಲಿ ಒಮ್ಮೆ ಹನ್ನೆರಡು ದಿನಗಳ ವಿಜ್ಞಾನ ಶಿಬಿರಗಳು ನಡೆದವು. ದೂರದರ್ಶನದಲ್ಲಿ ಪಾಠ, ರೇಡಿಯೋದಲ್ಲಿ ವಿವರಣೆ, ಕೈಯಲ್ಲಿ ಅಚ್ಚಾದ ಪಾಠ, ಎದುರಿಗೆ ಮಾಡಬೇಕಾದ ಪ್ರಯೋಗ ಎಂಬ ನಾಲ್ಕೂ ಅಲ್ಲಿ ಕೂಡಿದ್ದವು. ಎರಡು ಸರತಿಯಲ್ಲಿ ಸುಮಾರು ಐವತ್ತು ಸಾವಿರ ಪ್ರಾಥಮಿಕ ಶಾಲಾ ಉಪಾಧ್ಯಾಯರು ಹೀಗೆ ತರಬೇತು ಪಡೆದರು. ತಾವಿದ್ದ ಊರಿನ ಹತ್ತಿರವೇ, ಏಕಕಾಲದಲ್ಲಿ, ಇಷ್ಟು ದೊಡ್ಡ ಸಂಖ್ಯೆಯ ಉಪಾಧ್ಯಾಯರಿಗೆ ವಿಜ್ಞಾನ ಕಲಿಸಿದ ಉದಾಹರಣೆ ಅದಕ್ಕೆ ಮೊದಲು ನಮ್ಮ ದೇಶದಲ್ಲಿರಲಿಲ್ಲ.

ಫಲವೇನಾಯಿತು? ಯಂತ್ರಗಳ ಮಟ್ಟಿಗೆ ಹೇಳುವುದಾದರೆ, ಯಾವ ದಿನ ನೋಡಿದರೂ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದ್ದವು. ಕೆಸರಿನ ದಾರಿಗಳ ಆ ಹಳ್ಳಿಗಳಲ್ಲಿ ಇದು ಸಾಮಾನ್ಯ ಸಾಧನೆಯಲ್ಲ. ಸಂಜೆಯ ಕಾರ್ಯಕ್ರಮಕ್ಕೆ ಮೊದಮೊದಲು ನೆರೆದ ಜಾತ್ರೆ ಕ್ರಮೇಣ ಕರಗಿ ಒಂದು ಹಳ್ಳಿಗೆ ನೂರರ ಆಚೀಚೆ ಜನ ನಿಂತರು. ಮಕ್ಕಳ ವಿಷಯದಲ್ಲಿ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಲಿಯವರು ನಡೆಸಿದ ವಿಚಾರಣೆಯ ಫಲಿತಾಂಶ ಬಹಳ ಮನನೀಯವಾದುದು. ದೂರದರ್ಶನ ನೋಡಿದ ಮಕ್ಕಳ ಭಾಷಾಶಕ್ತಿ ಬೆಳೆದಿತ್ತು. ಪಠ್ಯಪುಸ್ತಕದ ಹೊರಗೂ ತಿಳಿವಳಿಕೆಯನ್ನು ಹುಡುಕುವ ಆಸಕ್ತಿ ಹುಟ್ಟಿತ್ತು. ಆದರೆ ಶಾಲೆಯ ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಈ ಫಲಿತಾಂಶವನ್ನು ಎರಡು ಬಗೆಯಾಗಿ ಓದಬಹುದು. ಅಂಕ ಹೆಚ್ಚಲಿಲ್ಲ, ಆದುದರಿಂದ ಪ್ರಯೋಗ ಸೋತಿತು ಎನ್ನುವವರುಂಟು. ಅಂಕ ಅಳೆಯುತ್ತಿದ್ದುದು ಬಾಯಿಪಾಠವನ್ನು, ದೂರದರ್ಶನ ಬೆಳೆಸಿದುದು ಕುತೂಹಲವನ್ನು. ಸೇರಿನಿಂದ ಬಟ್ಟೆಯನ್ನು ಅಳೆದರೆ ತಪ್ಪು ಬಟ್ಟೆಯದಲ್ಲ ಎನ್ನುವವರೂ ಉಂಟು. ನಾನು ಎರಡನೆಯ ಪಕ್ಷಕ್ಕೆ ಸೇರಿದವನು. ಆದರೂ ಮೊದಲನೆಯವರ ಮಾತಿನಲ್ಲಿ ಒಂದು ಸತ್ಯಾಂಶವಿದೆ: ಇಪ್ಪತ್ತೆರಡೂವರೆ ನಿಮಿಷ ಮುಗಿದ ಮೇಲೆ ತರಗತಿಯಲ್ಲಿ ಆ ಕುತೂಹಲವನ್ನು ಕೈಹಿಡಿದು ನಡೆಸಲು ಪಾಠಕ್ರಮದಲ್ಲಿ ಎಡೆಯಿರಲಿಲ್ಲ.

ಇದೇ ಕಾಲದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಮಾಧ್ಯಮಿಕ ಶಾಲೆಗಳಲ್ಲಿ ಬೇರೊಂದು ಪ್ರಯೋಗ ನಡೆಯುತ್ತಿತ್ತು. 1972ರಲ್ಲಿ ಹದಿನಾರು ಶಾಲೆಗಳಿಂದ ಪ್ರಾರಂಭವಾದ ಆ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಪರದೆಯೇ ಇರಲಿಲ್ಲ. ಒಂದು ಪೆಟ್ಟಿಗೆ ಸಾಮಾನು, ಮಕ್ಕಳ ಗುಂಪುಗಳು, ಹೊಲ, ಕೆರೆ, ಪ್ರಶ್ನೆ, ಇಷ್ಟೇ. ಅಲ್ಲಿ ಪರೀಕ್ಷಾ ಪದ್ಧತಿಯನ್ನೇ ಬದಲಿಸಿದರು. 2002ರಲ್ಲಿ ಸರ್ಕಾರವು ಅದನ್ನು ನಿಲ್ಲಿಸಿತಾದರೂ ಮೂವತ್ತು ವರ್ಷ ಬಾಳಿದ ಆ ಪದ್ಧತಿ ನಮಗೆ ಕೊಡುವ ಅರಿವು ಇದು: ಚಿತ್ರ ಬಯಕೆಯನ್ನು ಹುಟ್ಟಿಸುತ್ತದೆ, ಕೈ ಅದನ್ನು ತೀರಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಅರೆಯಾದುದು.

4. ಕನ್ನಡವು ಪಟ್ಟಿಯಿಂದ ಬಿದ್ದುದು

ಒಪ್ಪಂದದಂತೆ ಒಂದು ವರ್ಷ ತುಂಬಿದೊಡನೆ ಉಪಗ್ರಹವು ಪಶ್ಚಿಮಕ್ಕೆ ಹಿಂತಿರುಗಿತು. ತಂತಿಬಲೆಯ ಬೋಗುಣಿಗಳು ಬರಿದಾದವು. ನೋಡುತ್ತಿದ್ದ ಹಳ್ಳಿಗಳಲ್ಲಿ ಕೆಲವಕ್ಕಾದರೂ ಸೇವೆ ಮುಂದುವರಿಯಲೆಂದು ನೆಲದ ಮೇಲಿನ ಪ್ರಸಾರ ಕೇಂದ್ರಗಳನ್ನು ಕಟ್ಟಿದರು. 1977ರಲ್ಲಿ ಗುಲ್ಬರ್ಗಾಕ್ಕೆ ಬಂದ ಕೇಂದ್ರ ಅಂಥವುಗಳಲ್ಲಿ ಒಂದು. ಕರ್ನಾಟಕದ ನೆಲದಲ್ಲಿ ಮೊದಲನೆಯದು.

1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿತು. ಶಾಲೆಗಳಿಗೆ ದೂರದರ್ಶನ ಪಾಠವನ್ನು ಮತ್ತೆ ಪ್ರಾರಂಭಿಸುವ ಕಾಲ ಬಂತು. ದೆಹಲಿಯಲ್ಲಿ ಕೇಂದ್ರ ಶಿಕ್ಷಣ ತಂತ್ರವಿಜ್ಞಾನ ಸಂಸ್ಥೆ, ಅದರ ಜೊತೆಗೆ ಆರು ರಾಜ್ಯಗಳಲ್ಲಿ ರಾಜ್ಯ ಸಂಸ್ಥೆಗಳು ಸ್ಥಾಪಿತವಾದವು. ಆ ರಾಜ್ಯಗಳು ಆಂಧ್ರಪ್ರದೇಶ, ಮಹಾರಾಷ್ಟ್ರ, ಗುಜರಾತ್, ಒಡಿಶಾ, ಬಿಹಾರ, ಉತ್ತರಪ್ರದೇಶ. ಭಾಷೆಗಳು ಐದು: ಹಿಂದಿ, ಗುಜರಾತಿ, ಮರಾಠಿ, ಒಡಿಯಾ, ತೆಲುಗು. ವಾಚಕರು ಪಟ್ಟಿಯನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. 1975ರ ನಾಲ್ಕು ಭಾಷೆಗಳಲ್ಲಿ ಒಂದಾಗಿದ್ದ ಕನ್ನಡವು ಎಂಬತ್ತರ ದಶಕದ ಐದು ಭಾಷೆಗಳಲ್ಲಿ ಇಲ್ಲ.

ಇದು ಗಡಿನಾಡಿಗೆ ಎರಡು ಪಟ್ಟು ಪೆಟ್ಟಾಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಯ ಮಕ್ಕಳಿಗೆ ಪುಣೆಯ ಬಾಲಚಿತ್ರವಾಣಿಯು ತಯಾರಿಸಿದ ಪಾಠ ಮರಾಠಿಯಲ್ಲಿ ದೊರೆಯಿತು. ಆದವಾನಿ, ರಾಯದುರ್ಗ, ಮಡಕಶಿರೆಯ ಮಕ್ಕಳಿಗೆ ಹೈದರಾಬಾದಿನ ಪಾಠ ತೆಲುಗಿನಲ್ಲಿ ದೊರೆಯಿತು. ಕರ್ನಾಟಕದೊಳಗಿನ ಮಗುವಿಗಾದರೂ ‘ನಮ್ಮ ಭಾಷೆಯಲ್ಲಿ ಇಲ್ಲ’ ಎಂಬ ಒಂದೇ ಕೊರತೆ. ನಮ್ಮ ಮಗುವಿಗೆ ‘ಪಕ್ಕದ ಬೆಂಚಿನವನ ಭಾಷೆಯಲ್ಲಿ ಇದೆ, ನನ್ನದರಲ್ಲಿ ಇಲ್ಲ’ ಎಂಬ ಇನ್ನೊಂದು. ಮಗು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ವಿಜ್ಞಾನವೆಂಬುದು ಆ ಭಾಷೆಯ ಸೊತ್ತು, ಕನ್ನಡವೆಂಬುದು ಮನೆಯ ಮಾತಿಗೆ ಮಾತ್ರ ಎಂದು ಅದರ ಮನಸ್ಸು ತೀರ್ಮಾನ ಮಾಡಿಕೊಳ್ಳುತ್ತದೆ. ಕನ್ನಡ ಶಾಲೆಯ ಹಾಜರಿಪಟ್ಟಿ ಕಿರಿದಾಗುವುದು ಇಂಥ ಸದ್ದಿಲ್ಲದ ತೀರ್ಮಾನಗಳಿಂದಲೇ.

ಕನ್ನಡಕ್ಕೆ ಶಕ್ತಿಯಿರಲಿಲ್ಲವೇ? ಆ ಆಕ್ಷೇಪಣೆ ನಿಲ್ಲುವುದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಶಿವರಾಮ ಕಾರಂತರು ಸ್ವಾತಂತ್ರ್ಯಕ್ಕೆ ಮೊದಲೇ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದು ಮುಗಿಸಿದ್ದರು. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ ಸಂಪುಟಗಳು ಎಪ್ಪತ್ತರ ದಶಕದಲ್ಲಿ ಹೊರಬಂದವು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. ಅದರ ‘ಬಾಲವಿಜ್ಞಾನ’ ನಮ್ಮ ಎಷ್ಟೋ ಶಾಲೆಗಳಿಗೆ ಬಂದಿದೆ. ಪದವಿತ್ತು, ಬರೆಯುವವರಿದ್ದರು, ಓದುವವರೂ ಇದ್ದರು. ಇಲ್ಲದುದು ಅವರ ಮಾತನ್ನು ಚಿತ್ರಕ್ಕೆ ಜೋಡಿಸಬಲ್ಲ ಒಂದು ಸಂಸ್ಥೆ ಮಾತ್ರ.

ಮುಂದೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಪ್ರಾಥಮಿಕ ಶಿಕ್ಷಣದ ಪ್ರಯೋಗಕ್ಕೆ ಕರ್ನಾಟಕವು ಚಾಮರಾಜನಗರ ಜಿಲ್ಲೆಯನ್ನು ಆರಿಸಿಕೊಂಡು ಎಂಟುನೂರಕ್ಕೂ ಹೆಚ್ಚು ಶಾಲೆಗಳಿಗೆ ಕನ್ನಡ ಪಾಠಗಳನ್ನು ಒದಗಿಸಿತು. ಆ ಜಿಲ್ಲೆಗೆ ತಾಳವಾಡಿ ತಾಗಿಕೊಂಡಿದೆ, ನೀಲಗಿರಿ ತಾಗಿಕೊಂಡಿದೆ, ವಯನಾಡು ತಾಗಿಕೊಂಡಿದೆ. ಉಪಗ್ರಹದ ಕಿರಣಕ್ಕೆ ಗಡಿಯ ಕಲ್ಲು ಕಾಣುವುದಿಲ್ಲ. ಯೋಜನೆಯ ಕಡತಕ್ಕೆ ಕಾಣುತ್ತದೆ. ಕಲ್ಲಿನ ಆಚೆಯ ಕನ್ನಡ ಮಕ್ಕಳು ಆ ಯೋಜನೆಯ ಲೆಕ್ಕಕ್ಕೆ ಸೇರಿದವರಾಗಿರಲಿಲ್ಲ.

ಸಮಾಧಾನದ ಒಂದು ಸಂಗತಿಯನ್ನೂ ಹೇಳಬೇಕು. ಕೇರಳದಲ್ಲಿ 2005ರಲ್ಲಿ ಆರಂಭವಾದ ವಿಕ್ಟರ್ಸ್ ವಾಹಿನಿಯು 2020ರ ಜೂನ್ 1ರಿಂದ, ಸಾಂಕ್ರಾಮಿಕ ರೋಗದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ‘ಫಸ್ಟ್ ಬೆಲ್’ ಎಂಬ ಪಾಠಮಾಲೆಯನ್ನು ಪ್ರಾರಂಭಿಸಿತು. ಅದರಲ್ಲಿ ಮಲಯಾಳದ ಜೊತೆಗೆ ಕನ್ನಡ ಮತ್ತು ತಮಿಳು ಮಾಧ್ಯಮಗಳ ಪಾಠಗಳೂ ತಯಾರಾದವು. ಕಾಸರಗೋಡಿನ ಕನ್ನಡ ಮಗು ತನ್ನ ರಾಜ್ಯದ ಪಾಠಕ್ರಮವನ್ನು ತನ್ನ ಭಾಷೆಯಲ್ಲಿ ಪರದೆಯ ಮೇಲೆ ನೋಡಿತು. ರಾಜ್ಯವೊಂದು ಮನಸ್ಸು ಮಾಡಿದರೆ, ಉಪಾಧ್ಯಾಯರು ಕೈಜೋಡಿಸಿದರೆ, ಇದು ಆಗುವ ಕೆಲಸವೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

5. ಒಂದು ಚಿತ್ರ, ಐದು ಹೆಸರು

1975ರ ಉಪಗ್ರಹ ವ್ಯವಸ್ಥೆಯಲ್ಲಿ ಒಂದು ಸಣ್ಣ ಯುಕ್ತಿಯಿತ್ತು. ಒಂದು ಚಿತ್ರದ ಜೊತೆಗೆ ಎರಡು ಧ್ವನಿಮಾರ್ಗಗಳನ್ನು ಇಟ್ಟಿದ್ದರು. ಆದುದರಿಂದ ಒಂದೇ ಚಿತ್ರಕ್ಕೆ ಏಕಕಾಲದಲ್ಲಿ ಎರಡು ಭಾಷೆಗಳ ಮಾತನ್ನು ಕೊಡುವುದು ಸಾಧ್ಯವಿತ್ತು. ಈ ಯುಕ್ತಿಯಲ್ಲಿ ಗಡಿನಾಡ ಶಾಲೆಯ ಸ್ವರೂಪವೇ ಅಡಗಿದೆ ಎಂದು ನನಗೆ ತೋರುತ್ತದೆ. ನಮ್ಮ ಮಕ್ಕಳ ಕಣ್ಣಿಗೆ ಲೋಕ ಒಂದೇ. ಕಿವಿಗೆ ನುಡಿ ಎರಡು.

ಎಲೆಯು ಬಿಸಿಲಿನಲ್ಲಿ ಆಹಾರವನ್ನು ತಯಾರಿಸುವ ಕ್ರಿಯೆಯನ್ನು ತೆಗೆದುಕೊಳ್ಳೋಣ. ಕನ್ನಡದಲ್ಲಿ ಅದು ದ್ಯುತಿಸಂಶ್ಲೇಷಣೆ. ತೆಲುಗಿನಲ್ಲಿ ಕಿರಣಜನ್ಯ ಸಂಯೋಗಕ್ರಿಯ. ಮರಾಠಿಯಲ್ಲಿ ಪ್ರಕಾಶ ಸಂಶ್ಲೇಷಣ, ಮಲಯಾಳದಲ್ಲಿ ಪ್ರಕಾಶಸಂಶ್ಲೇಷಣಂ, ತಮಿಳಿನಲ್ಲಿ ಒಳಿಚ್ಚೇರ್ಕೈ. ಐದೂ ಹೆಸರು ಹೇಳುವುದು ಬೆಳಕು ಮತ್ತು ಕೂಡುವಿಕೆ ಎಂಬ ಎರಡೇ ಮಾತನ್ನು. ಆದವಾನಿಯ ಹತ್ತಿಯ ಗಿಡವೂ ಕಾಸರಗೋಡಿನ ಅಡಕೆಯ ಮರವೂ ಅದನ್ನು ಒಂದೇ ರೀತಿ ಮಾಡುತ್ತವೆ. ಒಳನಾಡಿನ ಉಪಾಧ್ಯಾಯನು ಒಂದು ಪದವನ್ನು ಕೊಟ್ಟು ಮುಗಿಸುತ್ತಾನೆ. ನಮಗೆ ಎರಡನ್ನೂ ಪಕ್ಕಪಕ್ಕದಲ್ಲಿ ಕರಿಹಲಗೆಯ ಮೇಲೆ ಬರೆದು, ಬಿಡಿಸಿ, ಅರ್ಥವನ್ನು ಹೊರತೆಗೆಯುವ ಅವಕಾಶವಿದೆ. ಹಾಗೆ ಬಿಡಿಸಿದ ಮಗುವಿಗೆ ಪದ ಬಾಯಿಪಾಠವಾಗುವುದಿಲ್ಲ, ತಿಳಿವಳಿಕೆಯಾಗುತ್ತದೆ. ಎರಡು ನುಡಿಯ ನಡುವೆ ಇರುವುದು ನಮ್ಮ ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ವಿಜ್ಞಾನಪಾಠದಲ್ಲಿ ಅದು ನಮ್ಮ ಬಂಡವಾಳವೂ ಆಗಬಹುದು.

6. ತರಗತಿಯಲ್ಲಿ ಚಿತ್ರದ ಸ್ಥಾನ

ಇಷ್ಟು ಇತಿಹಾಸದಿಂದ ಉಪಾಧ್ಯಾಯನು ಕಲಿಯಬೇಕಾದುದೇನು? ಇಂದು ಉಪಗ್ರಹದ ಬೋಗುಣಿಗೆ ಕಾಯಬೇಕಾಗಿಲ್ಲ. ಅಂಗೈಯಗಲದ ಯಂತ್ರದಲ್ಲಿಯೇ ಸಾವಿರಾರು ಚಿತ್ರಗಳು ದೊರೆಯುತ್ತವೆ. ಆದುದರಿಂದ ಯಾವುದನ್ನು ತೋರಿಸಬಾರದು ಎಂಬ ವಿವೇಕವೇ ಹೆಚ್ಚು ಬೇಕಾಗಿದೆ. ನನ್ನ ಅನುಭವಕ್ಕೆ ಬಂದ ಕೆಲವು ಮಾತುಗಳನ್ನು ಹೇಳುತ್ತೇನೆ.

ಬರಿಗಣ್ಣಿಗೆ ನಿಲುಕದಷ್ಟು ಸಣ್ಣದು, ಮುಟ್ಟಲಾರದಷ್ಟು ದೂರದ್ದು, ಕಾಯಲಾರದಷ್ಟು ನಿಧಾನದ್ದು, ಹತ್ತಿರ ಹೋಗಲಾರದಷ್ಟು ಅಪಾಯದ್ದು, ಈ ನಾಲ್ಕಕ್ಕೆ ಚಿತ್ರ ಬೇಕು. ಕೆರೆಯ ನೀರಿನ ಹನಿಯೊಳಗಿನ ಜೀವಿಗಳು, ಚಂದ್ರನ ಮೇಲಿನ ಕುಳಿಗಳು, ಹೂವು ಕಾಯಾಗುವ ಬಗೆ, ಜ್ವಾಲಾಮುಖಿ ಇವು ಚಿತ್ರದ ಪಾಠಗಳು. ಆದರೆ ನೀರು ಆವಿಯಾಗುವುದಕ್ಕೆ ಚಿತ್ರವೇಕೆ? ಒದ್ದೆಬೆರಳಿನಿಂದ ಸ್ಲೇಟಿನ ಮೇಲೆ ಹೆಸರು ಬರೆಯಿಸಿ, ಒಂದನ್ನು ಬಿಸಿಲಿಗೆ, ಒಂದನ್ನು ನೆರಳಿಗೆ ಇಡಿಸಿದರೆ ಸಾಕು. ನೆರಳು ಉದ್ದವಾಗುವುದಕ್ಕೆ ಚಿತ್ರವೇಕೆ? ಅಂಗಳದಲ್ಲಿ ಒಂದು ಕೋಲು ನೆಟ್ಟರೆ ಸೂರ್ಯನೇ ಪಾಠ ಹೇಳುತ್ತಾನೆ.

ಚಿತ್ರವು ಕಾಲವನ್ನು ಕುಗ್ಗಿಸುತ್ತದೆ. ಬೀಜ ಮೊಳೆಯುವುದನ್ನು ಒಂದು ನಿಮಿಷದಲ್ಲಿ ತೋರಿಸುತ್ತದೆ. ಸಣ್ಣ ಮಗುವಿಗೆ ಈ ಕುಗ್ಗುವಿಕೆ ತಿಳಿಯುವುದಿಲ್ಲ. ಆದುದರಿಂದ ಅವರೆಯ ಕಾಳನ್ನು ಒದ್ದೆಬಟ್ಟೆಯಲ್ಲಿ ಕಟ್ಟಿಸಿ, ದಿನಕ್ಕೊಂದು ಚಿತ್ರವನ್ನು ಮಗುವಿನ ಕೈಯಿಂದಲೇ ಬರೆಯಿಸಿ, ಏಳನೆಯ ದಿನ ಚಲಚ್ಚಿತ್ರವನ್ನು ತೋರಿಸಬೇಕು. ಆಗ ಮಗು ಚಿತ್ರವನ್ನು ತನ್ನ ಕಾಳಿನೊಡನೆ ಹೋಲಿಸಿ ‘ನನ್ನದು ಹೀಗೆ ಬಾಗಲಿಲ್ಲ, ಏಕೆ?’ ಎಂದು ಕೇಳುತ್ತದೆ. ಆ ಪ್ರಶ್ನೆಯೇ ವಿಜ್ಞಾನ. ಚಿತ್ರವನ್ನು ಮೊದಲೇ ತೋರಿಸಿದರೆ ಕಾಳು ನೆನೆಯಿಸುವ ಕೆಲಸ ಬರಿಯ ಶಾಸ್ತ್ರವಾಗುತ್ತದೆ.

ಚಿತ್ರವು ಅಳತೆಯನ್ನೂ ಕೆಡಿಸುತ್ತದೆ. ಸೂರ್ಯ, ಭೂಮಿ, ಚಂದ್ರ ಮೂರನ್ನೂ ಒಂದೇ ಪರದೆಯಲ್ಲಿ ತೋರಿಸಬೇಕಾದರೆ ಅವುಗಳನ್ನು ಪಕ್ಕಪಕ್ಕದಲ್ಲಿಯೇ ಬರೆಯಬೇಕು. ಅದನ್ನು ನೋಡಿದ ಮಕ್ಕಳಲ್ಲಿ ಅನೇಕರು ಚಂದ್ರನ ಕಲೆಗಳು ಏರಿ ಇಳಿಯುವುದು ಭೂಮಿಯ ನೆರಳಿನಿಂದ ಎಂದು ತಿಳಿಯುತ್ತಾರೆ. ಭೂಮಿಯಿಂದ ಚಂದ್ರನಿಗಿರುವ ದೂರ ಭೂಮಿಯ ವ್ಯಾಸದ ಸುಮಾರು ಮೂವತ್ತರಷ್ಟು. ಒಂದು ಗುಂಡು, ಮತ್ತೊಂದು ಅದರ ನಾಲ್ಕನೆಯ ಒಂದು ಭಾಗದ ಗುಂಡು, ನಡುವೆ ಮೂವತ್ತು ಗುಂಡಿನ ದೂರದ ಹಗ್ಗ ಹಿಡಿಸಿ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿದರೆ ಆ ತಪ್ಪು ತಾನೇ ಸರಿಯುತ್ತದೆ.

ಇನ್ನೊಂದು ಮಾತು ಚಿತ್ರವನ್ನು ನಿಲ್ಲಿಸುವ ಕಲೆಯದು. ಉತ್ತರ ಬರುವುದಕ್ಕೆ ಮೊದಲು ನಿಲ್ಲಿಸಿ, ‘ಮುಂದೇನಾದೀತು?’ ಎಂದು ಕೇಳಿ, ಮಕ್ಕಳ ಊಹೆಗಳನ್ನು ಹಲಗೆಯ ಮೇಲೆ ಬರೆದು, ಆಮೇಲೆ ಮುಂದುವರಿಸಬೇಕು. 1975ರ ಉಪಾಧ್ಯಾಯನಿಗೆ ಈ ಸೌಕರ್ಯವಿರಲಿಲ್ಲ. ಆಕಾಶದಿಂದ ಬಂದ ಪಾಠ ಅವನಿಗಾಗಿ ನಿಲ್ಲುತ್ತಿರಲಿಲ್ಲ. ನಮಗಿದೆ. ಸಮೋವಾ ದ್ವೀಪದ ಉಪಾಧ್ಯಾಯನು ಕಳೆದುಕೊಂಡ ಅಧಿಕಾರ ಈ ಒಂದು ಗುಂಡಿಯಲ್ಲಿ ನಮ್ಮ ಕೈಗೆ ಮರಳಿ ಬಂದಿದೆ. ಭಾಷೆಯೂ ಹಾಗೆಯೇ: ಧ್ವನಿಯನ್ನು ತಗ್ಗಿಸಿ, ತೆಲುಗು ಅಥವಾ ಮರಾಠಿಯ ಚಿತ್ರಕ್ಕೆ ಉಪಾಧ್ಯಾಯನೇ ಕನ್ನಡದಲ್ಲಿ ಮಾತು ಕೊಡಬಹುದು. ಎರಡನೆಯ ಧ್ವನಿಮಾರ್ಗ ಉಪಗ್ರಹದಲ್ಲಿಲ್ಲದಿದ್ದರೆ ಉಪಾಧ್ಯಾಯನ ಗ್ರಂಟಲಲ್ಲ, ಗಂಟಲಿನಲ್ಲಾದರೂ ಇರಲಿ.

7. ಮುಂದಿನ ಕೆಲಸ

ಆದರೆ ಒಬ್ಬೊಬ್ಬ ಉಪಾಧ್ಯಾಯನ ಗಂಟಲಿನ ಮೇಲೆಯೇ ಒಂದು ಭಾಷೆಯ ವಿಜ್ಞಾನಶಿಕ್ಷಣವನ್ನು ಹೊರಿಸುವುದು ನ್ಯಾಯವಲ್ಲ. ಸಂಘದ ಮುಂದೆ ಮೂರು ಸೂಚನೆಗಳನ್ನಿಡುತ್ತೇನೆ. ಮೊದಲನೆಯದು, ನಮ್ಮ ಗಡಿಪ್ರದೇಶಗಳ ಪ್ರಾಥಮಿಕ ತರಗತಿಗಳ ವಿಜ್ಞಾನಪದಗಳನ್ನು ಕನ್ನಡ ಮತ್ತು ಆಯಾ ರಾಜ್ಯಭಾಷೆಯಲ್ಲಿ ಎದುರುಬದುರಾಗಿ ಕೊಡುವ ಸಣ್ಣ ಕೈಪಿಡಿಯನ್ನು ಉಪಾಧ್ಯಾಯರೇ ಸಿದ್ಧಪಡಿಸುವುದು. ಎರಡನೆಯದು, ಆಯಾ ರಾಜ್ಯದ ಶಿಕ್ಷಣ ಇಲಾಖೆಗಳು ತಯಾರಿಸಿರುವ ಒಳ್ಳೆಯ ಪಾಠಚಿತ್ರಗಳಿಗೆ ಕನ್ನಡದ ಧ್ವನಿ ಜೋಡಿಸಲು ಅನುಮತಿ ಕೇಳುವುದು. ಕೇರಳದ ಉದಾಹರಣೆ ಇದಕ್ಕೆ ಆಧಾರವಾಗಿದೆ. ಮೂರನೆಯದು, 1975-76ರಲ್ಲಿ ಮಕ್ಕಳಾಗಿ ಆ ಪಾಠಗಳನ್ನು ನೋಡಿದವರೂ, ಆ ಶಿಬಿರಗಳಲ್ಲಿ ಕುಳಿತ ಉಪಾಧ್ಯಾಯರೂ ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ನೆನಪುಗಳನ್ನು ಬರೆದಿಡುವುದು. ಅಂದಿನ ಮಗು ಇಂದು ಅರವತ್ತರ ಹತ್ತಿರದಲ್ಲಿದೆ. ಅಂದಿನ ಉಪಾಧ್ಯಾಯರಲ್ಲಿ ಅನೇಕರು ಇಲ್ಲ. ಸರ್ಕಾರದ ವರದಿಗಳಲ್ಲಿ ಶೇಕಡಾ ಲೆಕ್ಕ ಸಿಗುತ್ತದೆ. ಶಾಲೆಯ ಕತ್ತಲ ಕೋಣೆಯಲ್ಲಿ ಮೊದಲ ಸಲ ಚಿತ್ರ ಮೂಡಿದಾಗ ಹಿಂದಿನ ಸಾಲಿನ ಹುಡುಗಿ ಏನು ಕೇಳಿದಳೆಂಬುದು ಅಲ್ಲಿ ಸಿಗುವುದಿಲ್ಲ. ಅದನ್ನು ಸಂಗ್ರಹಿಸುವ ಕೆಲಸ ಸ್ಥಳೀಯ ವಿದ್ವಾಂಸರದು.

ದೂರದರ್ಶನವಾಗಲಿ ಚಲಚ್ಚಿತ್ರವಾಗಲಿ ವಿಜ್ಞಾನವನ್ನು ಕಲಿಸಲಾರದು. ಕಲಿಯುವ ಮನಸ್ಸನ್ನು ಎಚ್ಚರಿಸಬಲ್ಲುದು. ಎಚ್ಚರಗೊಂಡ ಮಗು ಮೊದಲು ತಿರುಗಿ ನೋಡುವುದು ಪಕ್ಕದಲ್ಲಿ ನಿಂತ ಉಪಾಧ್ಯಾಯನ ಮುಖವನ್ನು, ಕೇಳುವುದು ತನ್ನ ಮನೆಯ ಮಾತಿನಲ್ಲಿ. ಆ ಪ್ರಶ್ನೆಗೆ ಅದೇ ಮಾತಿನಲ್ಲಿ ಉತ್ತರ ದೊರೆಯುವಷ್ಟು ಕಾಲ ಗಡಿಯಾಚೆಯ ಕನ್ನಡ ಶಾಲೆಗೆ ಕೆಲಸವಿದೆ, ಬಾಳೂ ಇದೆ.